ಒಂದೇ ವಿಡಿಯೊ ಒಬ್ಬಳನ್ನು ಕುಗ್ಗಿಸುತ್ತದೆ, ಇನ್ನೊಬ್ಬಳಿಗೆ ತಟ್ಟುವುದೇ ಇಲ್ಲ: ಸಂಶೋಧನೆ ಏನು ಹೇಳುತ್ತದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹದಿನಾಲ್ಕು ವರ್ಷ, ಮಗನಿಗೆ ಹದಿನಾರು. ಕೆಲವು ತಿಂಗಳಿಂದ ಮಗಳು ಫೋಟೊ ತೆಗೆದ ಕೂಡಲೇ ಮೊಬೈಲನ್ನು ಕೈಗೆತ್ತಿಕೊಂಡು, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ತನ್ನ ತೋಳನ್ನು ಮಾತ್ರ ನೋಡಿ, ಉಳಿದವರೆಲ್ಲ ಚೆನ್ನಾಗಿ ಬಂದಿದ್ದರೂ ಅಳಿಸಿಹಾಕುತ್ತಾಳೆ. ಅವಳು ನೋಡುವ ವಿಡಿಯೊಗಳೇ ಇದಕ್ಕೆ ಕಾರಣವೆಂದು ನನಗೆ ಅನ್ನಿಸುತ್ತದೆ. ಆದರೆ ಅವುಗಳನ್ನೇ ಜೊತೆಗೆ ಕುಳಿತು ನೋಡುವ ಅವಳ ಗೆಳತಿ ನಿರಾಳವಾಗಿದ್ದಾಳೆ. ಮಾಧ್ಯಮವೇ ಕಾರಣವೆಂದು ಸಂಶೋಧನೆಗಳು ನಿಜಕ್ಕೂ ತೋರಿಸಿವೆಯೇ? ಗಂಡುಮಕ್ಕಳಿಗೆ ಇದರ ಬಿಸಿ ತಟ್ಟುವುದಿಲ್ಲವೇ?

ಉತ್ತರ 1

ನಮಸ್ಕಾರ ಮೇಡಂ. ನಾನು ಮನಶ್ಶಾಸ್ತ್ರ ಬೋಧಿಸುತ್ತೇನೆ. ಈ ಚರ್ಚೆಯಲ್ಲಿ ಎಲ್ಲರೂ ಮೊದಲು ನೆನೆಯುವುದು ಅಮೆರಿಕದ ಮನೋವೈದ್ಯೆ ಆ್ಯನ್ ಬೆಕರ್ ಅವರು ಫಿಜಿ ದ್ವೀಪರಾಷ್ಟ್ರದ ನಡ್ರೋಗ ಪ್ರಾಂತ್ಯದಲ್ಲಿ ನಡೆಸಿದ ಅಧ್ಯಯನವನ್ನು. ಅಲ್ಲಿಗೆ ಟಿವಿ ಬಂದ 1995ರಲ್ಲಿ ಒಮ್ಮೆ, 1998ರಲ್ಲಿ ಇನ್ನೊಮ್ಮೆ ಅವರು ಶಾಲಾ ಬಾಲಕಿಯರನ್ನು ಪ್ರಶ್ನಿಸಿದರು. ಊಟದ ಬಗ್ಗೆ ಅಸ್ವಸ್ಥ ಧೋರಣೆ ತೋರಿದವರ ಪ್ರಮಾಣ ಶೇ. 12.7ರಿಂದ ಶೇ. 29.2ಕ್ಕೆ ಏರಿತ್ತು, ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ, ಆಮೇಲೆ ಶೇ. 11.3ರಷ್ಟಾಗಿದ್ದರು. ಮೈತುಂಬಿದ ದೇಹವನ್ನೇ ಮೆಚ್ಚುತ್ತಿದ್ದ ಸಮಾಜದಲ್ಲಿ ಹೀಗಾಯಿತೆಂಬುದನ್ನು ಇಂದಿಗೂ ನಾನು ನೋವಿಲ್ಲದೆ ಓದಲಾರೆ. ಆದರೂ ಎರಡು ಸಲ ಪ್ರಶ್ನಿಸಿದ್ದು ಬೇರೆ ಬೇರೆ ಬಾಲಕಿಯರನ್ನು, ಅದೂ ಸಲಕ್ಕೆ ಅರವತ್ತು ಚಿಲ್ಲರೆ ಮಂದಿಯನ್ನು; ಆದ್ದರಿಂದ ಟಿವಿಯೊಂದರ ಮೇಲೆಯೇ ಹೊಣೆ ಹೊರಿಸಲಾಗದು.

ನಿಮ್ಮ ಪ್ರಶ್ನೆಗೆ ಹತ್ತಿರವಾದದ್ದು ಎರಿಕ್ ಸ್ಟೈಸ್ ಮತ್ತು ಸಂಗಡಿಗರ 2001ರ ಪ್ರಯೋಗ. ಅವರು 219 ಹದಿಹರೆಯದ ಹುಡುಗಿಯರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಫ್ಯಾಷನ್ ಪತ್ರಿಕೆಯೊಂದರ ಹದಿನೈದು ತಿಂಗಳ ಚಂದಾ ಕೊಡಿಸಿದರು. ಇಡೀ ಗುಂಪನ್ನು ನೋಡಿದರೆ ದೀರ್ಘಕಾಲದ ಪರಿಣಾಮವೇನೂ ಕಾಣಲಿಲ್ಲ. ಆದರೆ ತೆಳ್ಳಗಿರಬೇಕೆಂಬ ಒತ್ತಡಕ್ಕೆ ಮೊದಲೇ ಸಿಲುಕಿದ್ದವರಿಗೆ, ತಮ್ಮ ದೇಹ ಮೊದಲೇ ಒಗ್ಗದಿದ್ದವರಿಗೆ, ಆಸರೆಯಾಗಿ ನಿಲ್ಲುವವರು ಕಡಿಮೆ ಇದ್ದವರಿಗೆ ಅದೇ ಪತ್ರಿಕೆ ಕೆಡುಕು ಮಾಡಿತು. ನಿಮ್ಮ ಮಗಳೂ ಅವಳ ಗೆಳತಿಯೂ ನೋಡುತ್ತಿರುವುದು ಒಂದೇ ಆದರೂ, ನೋಡುವ ಮೊದಲು ಅವರವರ ಮನಸ್ಸಿನಲ್ಲಿ ಇದ್ದದ್ದು ಒಂದೇ ಆಗಿರಲಿಕ್ಕಿಲ್ಲ.

ಉತ್ತರ 2

ಮಗನ ವಿಷಯವನ್ನು ದಯವಿಟ್ಟು ಬದಿಗಿಡಬೇಡಿ. ಫ್ರೆಡ್ರಿಕ್ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳು ಕನ್ನಡಿಯಿರುವ ಕೋಣೆಯಲ್ಲಿ ಒಬ್ಬರೇ ಈಜುಡುಗೆ ಅಥವಾ ಸ್ವೆಟರ್ ತೊಟ್ಟು ಗಣಿತದ ಲೆಕ್ಕ ಬಿಡಿಸಬೇಕಿತ್ತು. ಈಜುಡುಗೆ ತೊಟ್ಟ ಹೆಣ್ಣುಮಕ್ಕಳ ಅಂಕ ಕುಸಿಯಿತು, ಗಂಡುಮಕ್ಕಳದು ಕುಸಿಯಲಿಲ್ಲ. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಪರರ ಕಣ್ಣಿನಿಂದ ತನ್ನನ್ನು ತಾನೇ ನೋಡಿಕೊಳ್ಳುವ ಅಭ್ಯಾಸವೇ ಗಮನವನ್ನು ಕಿತ್ತುಕೊಂಡಿತೆಂಬುದು ಅವರ ವಿವರಣೆ. ಆದರೆ 2004ರಲ್ಲಿ ಹೆಬ್ಲ್ ಮತ್ತಿತರರು ಗಂಡಸರಿಗೂ ಮೈಗಂಟುವ ಚಿಕ್ಕ ಈಜುಡುಗೆ ತೊಡಿಸಿದಾಗ ಅವರ ಅಂಕವೂ ಇಳಿಯಿತು. ಹುಡುಗರ ಕೊರಗು ಹೆಚ್ಚಾಗಿ ದಪ್ಪದ್ದಲ್ಲ, ಸ್ನಾಯು ಸಾಲದೆಂಬುದು. ಹಾಗಾಗಿ ಅದನ್ನು ನಾವು ವ್ಯಾಯಾಮದ ಹುರುಪೆಂದು ಭಾವಿಸಿ ಬೆನ್ನು ತಟ್ಟಿಬಿಡುತ್ತೇವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಓದುತ್ತಿದ್ದಂತೆ ಒಂದು ಮಾತು ಚುಚ್ಚಿತು: ಸೀರೆಯ ನೆರಿಗೆ ಹಿಡಿಯುವಾಗ ಕನ್ನಡಿಯ ಮುಂದೆ ಹೊಟ್ಟೆಯನ್ನು ಒಳಗೆಳೆದುಕೊಂಡು "ಛೆ, ಎಷ್ಟು ಊದಿದ್ದೇನೆ" ಎಂದು ನಾನೇ ಅವಳೆದುರು ಎಷ್ಟೋ ಸಲ ಅಂದಿದ್ದೇನೆ. ಈ ಚಿತ್ರಗಳನ್ನು ತಿದ್ದಲಾಗಿದೆ ಎಂದು ಅವಳಿಗೆ ತಿಳಿಹೇಳಿದರೆ ಸಾಕಾಗುತ್ತದೆಯೇ?

ಉತ್ತರ 1

ಅಷ್ಟರಿಂದಲೇ ಹೆಚ್ಚು ಫಲ ಸಿಗದು ಮೇಡಂ. ತಿದ್ದಿದ ಜಾಹೀರಾತು ಚಿತ್ರಗಳ ಮೇಲೆ ಹಾಗೆಂದು ಬರೆಯಬೇಕೆಂಬ ನಿಯಮ ಫ್ರಾನ್ಸಿನಲ್ಲಿ 2017ರಿಂದ ಇದೆ. ಆದರೆ ಅಂಥ ಸೂಚನೆಗಳು ನೋಡುವವರಿಗೆ ತಮ್ಮ ದೇಹದ ಬಗ್ಗೆ ಇರುವ ಅತೃಪ್ತಿಯನ್ನು ತಗ್ಗಿಸುವುದಿಲ್ಲವೆಂದು ಮರಿಕಾ ಟಿಗ್‌ಮನ್ ಮೊದಲಾದವರ ಪ್ರಯೋಗಗಳು ತೋರಿಸಿವೆ. ಹೆಚ್ಚು ಫಲ ಕೊಟ್ಟಿರುವುದು, ತರಬೇತಿ ಪಡೆದವರ ಜೊತೆ ಹುಡುಗಿಯರು ಗುಂಪಾಗಿ ಕುಳಿತು ತೆಳ್ಳಗಿನ ಆದರ್ಶದ ವಿರುದ್ಧ ತಾವೇ ವಾದಿಸುವ ಕ್ರಮ. ಕನ್ನಡಿಯ ಮುಂದಿನ ಆ ಮಾತನ್ನು ನೀವು ಇಂದೇ ಬಿಡಬಹುದು. ಅವಳು ಊಟ ತಪ್ಪಿಸುತ್ತಿದ್ದರೆ, ಉಂಡ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರೆ, ಕಾಯಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.