ಏರ್‌ರೈಫಲ್‌ನ ಟ್ರಿಗರ್ ಸ್ಪ್ರಿಂಗ್, ಬ್ಯಾರೆಲ್ ಲಾಕ್ ಮತ್ತು ಸೀಲ್ ಕೂರಿಸುವ ಬಗ್ಗೆ

ಪ್ರಶ್ನೆ | ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ಕಾಲದ, ಬ್ಯಾರೆಲ್ ಮಡಚಿ ಪೆಲೆಟ್ (ಸಣ್ಣ ಗುಂಡು) ಹಾಕುವ 0.177 ಇಂಚಿನ ಏರ್‌ರೈಫಲ್ ಒಂದನ್ನು ಮನೆಯಲ್ಲಿಯೇ ಮತ್ತೆ ಜೋಡಿಸುತ್ತಿದ್ದೇನೆ. ಗಾಳಿಯನ್ನು ಒತ್ತುವ ಪಿಸ್ಟನ್ ಮತ್ತು ಅದನ್ನು ತಳ್ಳುವ ದೊಡ್ಡ ಸ್ಪ್ರಿಂಗಿನ ಕೆಲಸವನ್ನು ಬಂದೂಕು ರಿಪೇರಿ ಮಾಡುವವರಿಂದ ಮಾಡಿಸಿದ್ದೇನೆ. ಬ್ಯಾರೆಲ್ಲನ್ನು ಇನ್ನೂ ಜೋಡಿಸಿಲ್ಲ. ಉಳಿದಿರುವುದು ಸಣ್ಣ ಭಾಗಗಳು ಮಾತ್ರ, ಆದರೆ ಕೆಲಸ ನಿಂತಿರುವುದು ಅವುಗಳಿಂದಲೇ. ಟ್ರಿಗರ್ ಮತ್ತು ಅದರ ಸ್ಪ್ರಿಂಗನ್ನು ಒಟ್ಟಿಗೆ ಹಿಡಿದು ಪಿನ್ ತೂರಿಸಲು ಹೋದರೆ ಮೂರು ರಂಧ್ರಗಳು ಒಂದೇ ಸಾಲಿಗೆ ಬರುವುದಿಲ್ಲ. ಬ್ಯಾರೆಲ್ಲಿನ ಬುಡದಲ್ಲಿದ್ದು ಅದನ್ನು ಮುಚ್ಚಿ ಹಿಡಿಯುವ ಲಾಕ್ ತುಂಡು ತನ್ನ ಸಣ್ಣ ಸ್ಪ್ರಿಂಗಿನ ಒತ್ತಡಕ್ಕೆ ಹೊರಗೆ ನುಗ್ಗುತ್ತದೆ. ಅಲ್ಲಿ ಗಾಳಿ ಸೋರದಂತೆ ತಡೆಯುವ ಉಂಗುರ, ಅಂದರೆ ಹೊಸ ಸೀಲ್, ಎಷ್ಟು ಎತ್ತರಕ್ಕೆ ನಿಲ್ಲಬೇಕೆಂಬುದೂ ತಿಳಿಯುತ್ತಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ | ಹಳೇ ಫಿಟ್ಟರ್

ಬ್ಯಾರೆಲ್ ಇನ್ನೂ ಬಿಡಿಯಾಗಿರುವುದು ಒಳ್ಳೆಯದೇ ಆಯಿತು. ಸೀಲ್ ಮತ್ತು ಲಾಕ್ ಎರಡನ್ನೂ ಮುಗಿಸಿಕೊಂಡೇ ಅದನ್ನು ಜೋಡಿಸಿರಿ.

ಟ್ರಿಗರ್ ವಿಷಯಕ್ಕೆ ಬರೋಣ. ಅಲ್ಲಿ ಬೇಕಾಗಿರುವುದು ಬಲವಲ್ಲ, ಒಂದು ತಾತ್ಕಾಲಿಕ ಪಿನ್. ಮೂಲ ಪಿನ್ನಿನಷ್ಟೇ ದಪ್ಪದ, ಅಥವಾ ಅದಕ್ಕಿಂತ ಕೂದಲೆಳೆಯಷ್ಟೇ ತೆಳುವಾದ ಕಂಬಿಯನ್ನು ಟ್ರಿಗರಿನ ಅಗಲಕ್ಕೆ ಸರಿಯಾಗಿ ಕತ್ತರಿಸಿ, ಎರಡೂ ತುದಿಗಳನ್ನು ಅರದಿಂದ ಉಜ್ಜಿ ಗುಂಡಗೆ ಮಾಡಿಕೊಳ್ಳಿ. ಮೇಜಿನ ಮೇಲೆಯೇ ಟ್ರಿಗರಿಗೆ ಸ್ಪ್ರಿಂಗನ್ನು ಸೇರಿಸಿ ಈ ತುಂಡನ್ನು ತೂರಿಸಿದರೆ ಎರಡೂ ಒಂದೇ ಭಾಗದಂತೆ ಕೈಗೆ ಬರುತ್ತವೆ. ಅದನ್ನು ಹಾಗೆಯೇ ಒಳಗಿಟ್ಟು, ಸ್ಪ್ರಿಂಗಿನ ಕಾಲು ತನ್ನ ಜಾಗದಲ್ಲಿ ಕುಳಿತಿದೆಯೇ ಎಂದು ಟಾರ್ಚ್ ಹಿಡಿದು ನೋಡಿಕೊಂಡು, ಒಂದು ಬದಿಯಿಂದ ಮೂಲ ಪಿನ್ನನ್ನು ಮೆಲ್ಲಗೆ ಒತ್ತುತ್ತಾ ಹೋದರೆ ತಾತ್ಕಾಲಿಕ ಪಿನ್ ತಾನಾಗಿಯೇ ಇನ್ನೊಂದು ಬದಿಯಿಂದ ಹೊರಬೀಳುತ್ತದೆ. ಎರಡರ ನಡುವೆ ಸಂದು ಬಿಡಬಾರದು. ಬಿಟ್ಟರೆ ಸ್ಪ್ರಿಂಗ್ ಆ ಸಂದಿನಲ್ಲಿ ಜಾರಿಕೊಳ್ಳುತ್ತದೆ. ಕೊನೆಯ ಒಂದೆರಡು ಏಟಿಗೆ ಪಿನ್ನಿನ ಅಳತೆಯ ಪಂಚ್ ಮತ್ತು ಹಿತ್ತಾಳೆಯ ಸಣ್ಣ ಸುತ್ತಿಗೆಯನ್ನು ಬಳಸಿ. ಮೊಳೆಯಿಂದ ಹೊಡೆದರೆ ಪಿನ್ನಿನ ತಲೆ ಅರಳಿಕೊಂಡು ಮುಂದೆ ಬಿಚ್ಚುವಾಗ ರಂಧ್ರವನ್ನೇ ಕೆಡಿಸುತ್ತದೆ.

ಲಾಕ್ ತುಂಡಿಗೂ ಅಡ್ಡಪಿನ್ನೇ ಆಧಾರ. ಬ್ಯಾರೆಲ್ಲನ್ನು ವೈಸಿನಲ್ಲಿ ಮೆದು ಮರದ ತುಂಡುಗಳ ನಡುವೆ ಹಿಡಿಸಿ, ಇಡೀ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಹೊದಿಸಿ, ಕೈಗಳನ್ನು ಚೀಲದೊಳಗೆ ಹಾಕಿ ಕೆಲಸ ಮಾಡಿ. ಕಣ್ಣಿಗೆ ಕನ್ನಡಕ ಕಡ್ಡಾಯ. ಲಾಕ್ ತುಂಡನ್ನು ಮರದ ಕಡ್ಡಿಯಿಂದ ಒಳಗೆ ಒತ್ತಿ ಹಿಡಿದಾಗ ಅದರಲ್ಲಿರುವ ಕಚ್ಚು ಅಡ್ಡರಂಧ್ರದ ನೇರಕ್ಕೆ ಬರುತ್ತದೆ. ಆಗ ಪಿನ್ ಹಾಕಬೇಕು. ಸ್ಪ್ರಿಂಗ್ ಗಟ್ಟಿಯಾಯಿತೆಂದು ಅದರ ಸುತ್ತುಗಳನ್ನು ಮಾತ್ರ ಕತ್ತರಿಸಬೇಡಿ, ಏಕೆಂದರೆ ಹಿಡಿತ ಸಡಿಲವಾದ ಬ್ಯಾರೆಲ್ ಪ್ರತಿ ಬಾರಿಯೂ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ, ಗುರಿಯೂ ನಿಲ್ಲುವುದಿಲ್ಲ.

ಉತ್ತರ | ಹತ್ತು ಮೀಟರ್

ಮೇಲಿನವರು ಹೇಳಿದ ಎಲ್ಲವನ್ನೂ ಒಪ್ಪುತ್ತೇನೆ. ಸೀಲ್ ಬಗ್ಗೆ ನಾನು ಹೇಳುತ್ತೇನೆ. ಹಳೆಯದನ್ನು ತೆಗೆಯಲು ಸೂಜಿ, ಸ್ಕ್ರೂಡ್ರೈವರ್ ಬೇಡ. ಬಿದಿರಿನ ಕಡ್ಡಿ ಸಾಕು. ಸೀಲ್ ಕೂರುವ ತೋಡಿನಲ್ಲಿ ಒಂದು ಗೀರು ಬಿದ್ದರೂ ಗಾಳಿ ಅಲ್ಲಿಂದಲೇ ಸೋರುತ್ತದೆ. ಹೊಸ ಸೀಲ್ ಲೋಹದ ಮಟ್ಟಕ್ಕಿಂತ ಬಹಳ ಸ್ವಲ್ಪ, ಉಗುರಿಗೆ ತಾಗುವಷ್ಟು ಮಾತ್ರ, ಮೇಲೆದ್ದಿರಬೇಕು. ತಗ್ಗಾಗಿದ್ದರೆ ತೆಳುವಾದ ರಟ್ಟನ್ನು ಉಂಗುರದಂತೆ ಕತ್ತರಿಸಿ ಅಡಿಗೆ ಹಾಕಿ. ಎತ್ತರವಾಗಿದ್ದರೆ ಬ್ಯಾರೆಲ್ ಪೂರ್ತಿ ಮುಚ್ಚದೆ ಲಾಕ್ ಅರ್ಧಕ್ಕೇ ನಿಲ್ಲುತ್ತದೆ, ಅದು ಅಪಾಯಕಾರಿ.

ಜೋಡಣೆಯೆಲ್ಲ ಮುಗಿದ ಮೇಲೆ ಪರೀಕ್ಷೆ ಸುಲಭ: ಬ್ಯಾರೆಲ್ ಮುಚ್ಚುವ ಸಂದಿನ ಮೇಲೆ ಟಿಶ್ಯೂ ಕಾಗದದ ಪಟ್ಟಿಯನ್ನಿಟ್ಟು, ಪೆಲೆಟ್ ಹಾಕಿ, ಸುರಕ್ಷಿತವಾದ ತಡೆಯತ್ತ ಹೊಡೆದಾಗ ಕಾಗದ ಹಾರಿದರೆ ಗಾಳಿ ಸೋರುತ್ತಿದೆ ಎಂದರ್ಥ. ಪೆಲೆಟ್ ಇಲ್ಲದೆ ಹೊಡೆಯಬೇಡಿ. ಮುಂದೆ ತಡೆಯುವ ಗಾಳಿಯ ಒತ್ತಡವಿಲ್ಲದೆ ಪಿಸ್ಟನ್ ನೇರವಾಗಿ ಹೋಗಿ ಲೋಹಕ್ಕೆ ಅಪ್ಪಳಿಸುತ್ತದೆ. ಸೀಲಿಗೆಂದು ಎಂಜಿನ್ ಆಯಿಲ್ ಅಥವಾ ಹೊಲಿಗೆ ಯಂತ್ರದ ಎಣ್ಣೆಯನ್ನು ಬಿಟ್ಟರೆ ಅದು ಒಳಗೆ ಇಳಿದು, ಒತ್ತಿದ ಗಾಳಿಯ ಬಿಸಿಗೆ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆಯೇ ಹೊತ್ತಿಕೊಳ್ಳುತ್ತದೆ.

ಉತ್ತರ | ಹಳೇ ಫಿಟ್ಟರ್

ಇನ್ನೊಂದು ಮಾತು ಸೇರಿಸಬೇಕಿತ್ತು. ಬ್ಯಾರೆಲ್ ಮಡಚುವ ಬೋಲ್ಟಿನ ಎರಡೂ ಬದಿಗೆ ತೆಳುವಾದ ವಾಷರುಗಳಿರುತ್ತವೆ. ಗ್ರೀಸ್ ಸವರಿ ಅಂಟಿಸಿದರೆ ಜೋಡಿಸುವಾಗ ಜಾರುವುದಿಲ್ಲ. ಸ್ಪ್ರಿಂಗ್ ಏರಿಸಿ ಬ್ಯಾರೆಲ್ ತೆರೆದಿರುವಾಗ ಪೆಲೆಟ್ ಹಾಕುವ ಬೆರಳು ಒಳಗಿದ್ದರೆ, ಇನ್ನೊಂದು ಕೈ ಬ್ಯಾರೆಲ್ಲನ್ನು ಬಿಗಿಯಾಗಿ ಹಿಡಿದೇ ಇರಬೇಕು. ಹೊಸದಾಗಿ ಕೂರಿಸಿದ ಟ್ರಿಗರನ್ನು ಯಾರೂ ನಂಬಬಾರದು.

ಪ್ರಶ್ನೆ ಕೇಳಿದವರು | ತುಂಗಾತೀರ

ಇಬ್ಬರಿಗೂ ಧನ್ಯವಾದಗಳು. ತಾತ್ಕಾಲಿಕ ಪಿನ್ನಿನಿಂದ ಟ್ರಿಗರ್ ಸಲೀಸಾಗಿ ಕುಳಿತಿತು. ಅಂಗಡಿಯವರು ಇನ್ನೂ ಗಟ್ಟಿಯಾದ ದೊಡ್ಡ ಸ್ಪ್ರಿಂಗ್ ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ, ಹಾಕಿಸಬಹುದೇ?

ಉತ್ತರ | ಹತ್ತು ಮೀಟರ್

ಬೇಡ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ 20 ಜೂಲ್ ಶಕ್ತಿಯನ್ನು ಮೀರಿದ ಏರ್‌ರೈಫಲ್ಲಿಗೆ ಪರವಾನಗಿ ಬೇಕು. ಅದೂ ಅಲ್ಲದೆ, ನೀವು ಈಗ ಇಷ್ಟು ಕಾಳಜಿಯಿಂದ ಕೂರಿಸಿರುವ ಪಿನ್ನು, ಸೀಲುಗಳೆಲ್ಲ ಮೂಲ ಸ್ಪ್ರಿಂಗಿನ ಹೊಡೆತಕ್ಕೆ ಹೊಂದುವಂತೆ ಮಾಡಿದವು.