‘ಅನುದಾನ’ ಅಂದರೆ ಗಟಾರದ ದುಡ್ಡಾ? ಕಲಾತಂಡಗಳ ಅರ್ಜಿಗೆ ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಧಾರವಾಡದಿಂದ ಬರೆಯುತ್ತಿದ್ದೇನೆ. ಗ್ರಾಂಟ್, ಅಂಡರ್‌ಸರ್ವ್ಡ್, ಕಮ್ಯುನಿಟಿ ಎಂಬ ಮೂರು ಇಂಗ್ಲಿಷ್ ಪದಗಳಿಗೆ ಕನ್ನಡ ಹುಡುಕುತ್ತಿದ್ದೇನೆ, ನಿಮ್ಮ ಅಭಿಪ್ರಾಯ ಬೇಕು. ಸುಮ್ನೆ ಪದ ಮಾತ್ರ ಕೇಳಿದರೆ ‘ಅನುದಾನ, ವಂಚಿತ, ಸಮುದಾಯ, ಮುಗೀತಲ್ಲ’ ಎಂಬ ಉತ್ತರ ಬರುತ್ತದೆ. ಅಷ್ಟು ನನಗೂ ಹೊಳೆದಿತ್ತು. ಅದು ನಡೆಯಲಿಲ್ಲ, ಅದಕ್ಕೇ ಈ ಉದ್ದನೆಯ ಪತ್ರ.

ಕಲೆಗೆ ಹಣ ಕೊಡುವ ಖಾಸಗಿ ಸಂಸ್ಥೆಯೊಂದರ ಅರ್ಜಿ ನಮೂನೆಯನ್ನು ಕನ್ನಡಕ್ಕೆ ತರುವ ಕೆಲಸ ಒಪ್ಪಿಕೊಂಡಿದ್ದೇನೆ. ರಾಜ್ಯಕ್ಕೆಲ್ಲ ಒಂದೇ ನಮೂನೆ. ಮೊದಲ ಸಾಲನ್ನು ಹೀಗೆ ಬರೆದಿದ್ದೆ: ‘ಅವಕಾಶವಂಚಿತ ಸಮುದಾಯಗಳ ಕಲಾವಿದರಿಗೆ ಮತ್ತು ಸಮುದಾಯ ಆಧಾರಿತ ಕಲಾ ಸಂಸ್ಥೆಗಳಿಗೆ ಅನುದಾನ.’ ವ್ಯಾಕರಣದಲ್ಲಿ ತಪ್ಪಿಲ್ಲ. ಯಾವ ಕಚೇರಿಯಲ್ಲೂ ಸಹಿ ಬೀಳುವಂಥ ಸಾಲು. ಇದನ್ನು ಶಿಗ್ಗಾವಿ ತಾಲೂಕಿನ ಒಂದು ಹಳ್ಳಿಯಲ್ಲಿ ದೊಡ್ಡಾಟ (ನಮ್ಮ ಕಡೆಯ ಬಯಲಾಟ) ಕಲಿಸುವ ಮಾಸ್ತರರ ಮುಂದೆ ಓದಿದೆ. ಎಪ್ಪತ್ತು ದಾಟಿದವರು. ಕೇಳಿ ಒಂದು ಗಳಿಗೆ ಸುಮ್ಮನಿದ್ದರು.

“ಅಕ್ಕಾರ, ಅನುದಾನ ಅಂದ್ರ ಗಟಾರಕ್ಕ ಬರೂದಲ್ರಿ? ಅದು ಪಂಚಾಯ್ತಿಗೆ ಬರತೈತಿ. ನಮಗ್ಯಾಕ ಕೊಡ್ತಾರ?”

ವಂಚಿತ ಅನ್ನುವ ಕಡೆ ಬಂದಾಗ, “ನಮಗ ಯಾರೂ ವಂಚನೆ ಮಾಡಿಲ್ರಿ” ಅಂದರು. ಆಮೇಲೆ ಅವರೇ, “ಮಾಡಿದ್ರೂ ಅದನ್ನ ಕಾಗದದಾಗ ಬರದು ಕೊಡಬೇಕೇನ್ರಿ?” ಎಂದು ಕೇಳಿದರು. ಕೊನೆಯ ಪ್ರಶ್ನೆ ಇನ್ನೂ ಚುರುಕು: “ಇದು ಯಾವ ಸಮಾಜದವರಿಗ್ರಿ?”

ಒಂದು ಸಾಲು, ಮೂರು ಪದ. ಮೂರೂ ಬೇರೆ ಮನೆ ಬಾಗಿಲು ತಟ್ಟಿದವು.

ಮೊದಲು ಅನುದಾನ. ಶಾಸಕರ ಅನುದಾನ, ಹಣಕಾಸು ಆಯೋಗದ ಅನುದಾನ ಎಂದು ಪೇಪರಿನಲ್ಲಿ ದಿನಾ ಬರುತ್ತದೆ. ರಸ್ತೆ, ಗಟಾರ, ಸಮುದಾಯ ಭವನ. ಹೀಗಾಗಿ ಈ ಪದಕ್ಕೆ ಸಿಮೆಂಟಿನ ವಾಸನೆ ಹತ್ತಿದೆ. ಕಲಾವಿದರ ಕಿವಿಗೆ ಅದು ತಮ್ಮ ಪದ ಅನಿಸುವುದಿಲ್ಲ. ಇನ್ನೊಂದು ತೊಡಕು ಅದರೊಳಗೆ ಕೂತಿರುವ ‘ದಾನ’. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಅಂತ ಗಾದೆ ಇದೆಯಲ್ಲ, ಇಲ್ಲಿ ಅದು ಉಲ್ಟಾ. ದಟ್ಟಿ ಕೊಟ್ಟವರೇ ಮೊಳ ಹಾಕಿ ನೋಡುತ್ತಾರೆ. ವೇಷಕ್ಕೆಷ್ಟು, ಮೈಕಿಗೆಷ್ಟು, ರಶೀದಿ ಎಲ್ಲಿ? ದಾನ ಎಂದು ಹೇಳಿ ಆಮೇಲೆ ಲೆಕ್ಕ ಕೇಳಿದರೆ ಹಳ್ಳಿಯವರಿಗೆ ಅವಮಾನ ಅನಿಸುತ್ತದೆ. ಇಂಗ್ಲಿಷಿನ ಗ್ರಾಂಟ್ ಎಂಬ ಪದಕ್ಕೆ ಈ ಇಕ್ಕಟ್ಟಿಲ್ಲ. ತಿರುಗಿ ಕೊಡಬೇಕಿಲ್ಲ, ಆದರೆ ಲೆಕ್ಕ ಕೊಡಬೇಕು. ಎರಡನ್ನೂ ಒಟ್ಟಿಗೆ ಹೇಳುವ ಕನ್ನಡ ಪದ ನನಗೆ ಸಿಕ್ಕಿಲ್ಲ.

ಸಹಾಯಧನ ಎಂದರೆ ಟ್ರ್ಯಾಕ್ಟರು, ಸ್ಪ್ರಿಂಕ್ಲರ್ ಪೈಪು. ಪ್ರೋತ್ಸಾಹಧನ ಹಾಲಿನ ಡೇರಿಗೆ ಹೋಗಿಬಿಟ್ಟಿದೆ. ಗೌರವಧನ ಅಂಗನವಾಡಿಗೆ. ಪರಿಹಾರ ಎಂದರೆ ಬೆಳೆ ಹಾಳಾಗಿರಬೇಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ‘ಧನಸಹಾಯ’ ಎಂದು ಬಳಸುತ್ತದೆ. ಸಂಘಗಳಿಗೆ, ವಾದ್ಯ ಮತ್ತು ವೇಷಭೂಷಣ ಕೊಳ್ಳಲು ಕೊಡುವ ಹಣಕ್ಕೆ ಅದೇ ಹೆಸರು. ಸಹಾಯಧನವನ್ನೇ ತಿರುವಿ ಹಾಕಿದ ಹಾಗಿದೆ, ಆದರೂ ಅರ್ಥ ಬೇರೆಯಾಗಿದೆ. ಇದು ಆಗಬಹುದೇನೋ. ವಯಸ್ಸಾದ ಕಲಾವಿದರಿಗೆ ಇಲಾಖೆ ಕೊಡುವ ಮಾಸಾಶನವಂತೂ ಹೋದಲ್ಲೆಲ್ಲ ‘ಮಾಶಾಸನ’ ಆಗಿದೆ. ಪೇಪರಿನಲ್ಲೂ ಹಾಗೇ ಅಚ್ಚಾಗುತ್ತದೆ. ಮಾಸ, ಅಶನ. ತಿಂಗಳ ಅನ್ನ ಎಂಬ ಒಳ್ಳೆಯ ಪದ. ಅದರಲ್ಲಿ ಶಾಸನ ಹೇಗೆ ಬಂತೋ! ಇದು ಬೇರೆ ಚರ್ಚೆ, ಬಿಡಿ.

ಹಾಗಾದರೆ ಸೀದಾ ‘ಗ್ರಾಂಟು’ ಎಂದರೇನು? ನನ್ನ ಒಲವು ಇತ್ತ ಕಡೆಗೇ. ಗ್ರಾಂಟ್ ಇರುವ ಸಾಲಿ (ಶಾಲೆ), ಗ್ರಾಂಟ್ ಇಲ್ಲದ ಸಾಲಿ ಎಂಬ ಮಾತು ಇಲ್ಲಿ ಮನೆಮನೆಗೆ ಗೊತ್ತು. ನಾಟಕದವರು ಕೇಂದ್ರದ ಸಂಸ್ಕೃತಿ ಸಚಿವಾಲಯದ ಗುರು-ಶಿಷ್ಯ ಯೋಜನೆಯ ಹಣಕ್ಕೆ ‘ಸೆಂಟ್ರಲ್ ಗ್ರಾಂಟ್’ ಎಂದೇ ಹೇಳುತ್ತಾರೆ. ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ 1993ರಲ್ಲಿ ಶುರುವಾದ ಸಂಸ್ಥೆ. ಅವರು ಸರ್ಕಾರಿ ಶಾಲೆಯ ಶಿಕ್ಷಕರಿಗೂ ಕಲೆಯ ಮೂಲಕ ಪಾಠ ಮಾಡಲು ಗ್ರಾಂಟ್ ಕೊಡುತ್ತಾರೆ. ಆ ಯೋಜನೆಗೆ ‘ಕಲಿ-ಕಲಿಸು’ ಎಂದು ಎಷ್ಟು ಚೆಂದ ಹೆಸರಿಟ್ಟಿದ್ದಾರೆ ನೋಡಿ. ಯೋಜನೆಗೆ ಅಂಥ ಹೆಸರು ಸಿಗುತ್ತದೆ, ಹಣಕ್ಕೇ ಸಿಗುವುದಿಲ್ಲ.

ನಮ್ಮಲ್ಲಿ ಪದ ಇರಲೇ ಇಲ್ಲ ಅಂತಲ್ಲ. ಹಳೆಯ ಶಾಸನಗಳಲ್ಲಿ ದೇವರ ‘ಅಂಗಭೋಗ ರಂಗಭೋಗ’ಕ್ಕೆ ಭೂಮಿ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಅಂಗಭೋಗ ಎಂದರೆ ಪೂಜೆ, ಅಲಂಕಾರ. ರಂಗಭೋಗ ಎಂದರೆ ದೇವರ ಮುಂದಿನ ಹಾಡು, ಕುಣಿತ. ಕಲೆಗೆಂದೇ ಎತ್ತಿಟ್ಟ ಹಣಕ್ಕೆ ಎಂಥ ಪದ! ಆದರೆ ಈಗ ಅರ್ಜಿಯಲ್ಲಿ ರಂಗಭೋಗ ಎಂದು ಬರೆದರೆ ಲೆಕ್ಕ ತಪಾಸಣೆಯವರು ಏನಂದುಕೊಂಡಾರು. ಶಾಸನದ್ದೇ ಇನ್ನೊಂದು ಪದ ‘ದತ್ತಿ’ ಇವತ್ತಿಗೂ ಬದುಕಿದೆ. ನಮ್ಮ ವಿದ್ಯಾವರ್ಧಕ ಸಂಘದಲ್ಲಿ ದತ್ತಿ ಉಪನ್ಯಾಸಗಳು ನಡೆಯುತ್ತಲೇ ಇರುತ್ತವೆ. ಆದರೆ ದತ್ತಿಯಲ್ಲಿ ಇಡುಗಂಟು ಹಾಗೇ ಇರುತ್ತದೆ, ಬಡ್ಡಿ ಮಾತ್ರ ಖರ್ಚಾಗುತ್ತದೆ. ಗ್ರಾಂಟು ಖರ್ಚಾಗಿ ಮುಗಿಯಲಿಕ್ಕೇ ಬರುವ ಹಣ. ಅಮೆರಿಕದವರೂ ಈ ಗೊಂದಲ ಮಾಡಿಕೊಂಡಿದ್ದಾರೆ ಅನ್ನಿ. 1965ರಲ್ಲಿ ಅವರು ಶುರು ಮಾಡಿದ ರಾಷ್ಟ್ರೀಯ ಕಲಾ ಸಂಸ್ಥೆಯ ಹೆಸರಿನಲ್ಲಿ ದತ್ತಿ ಎಂಬ ಅರ್ಥದ ‘ಎಂಡೋಮೆಂಟ್’ ಇದೆ. ಹಣ ಮಾತ್ರ ಪ್ರತಿ ವರ್ಷ ಅವರ ಸಂಸತ್ತೇ ಮಂಜೂರು ಮಾಡಬೇಕು.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಇಲ್ಲಿ ನೆನೆಯದೆ ಇರಲಾಗುವುದಿಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ್ದು ಜೋಳಿಗೆಯ ಮೇಲೆ, ನಾಟಕ ಕಂಪನಿಯ ಗಳಿಕೆಯ ಮೇಲೆ, ಭಕ್ತರು ಮಾಡಿಸಿದ ತುಲಾಭಾರದ ಮೇಲೆ. ಅರ್ಜಿ ನಮೂನೆಯ ಭಾಷೆಯಲ್ಲಿ ಹೇಳಿದರೆ ಅದೂ ‘ಅವಕಾಶವಂಚಿತರ ಸಮುದಾಯ ಆಧಾರಿತ ಕಲಾ ಸಂಸ್ಥೆ’ಯೇ. ಹಾಗೆ ಕರೆದು ನೋಡಿ. ಬಾಯಿಗೆ ಬರುತ್ತದೆಯೇ?

ಎರಡನೆಯದು, ನನ್ನನ್ನು ಜಾಸ್ತಿ ಕಾಡಿದ್ದು, ಸಿಗಬೇಕಾದಷ್ಟು ನೆರವು ಸಿಗದವರು ಎಂಬ ಅರ್ಥದ ‘ಅಂಡರ್‌ಸರ್ವ್ಡ್’. ಅಮೆರಿಕದ ಅದೇ ಸಂಸ್ಥೆಯಲ್ಲಿ ಇಂಥವರಿಗಾಗಿಯೇ ‘ಚಾಲೆಂಜ್ ಅಮೆರಿಕ’ ಎಂಬ ಗ್ರಾಂಟ್ ಇತ್ತು. 10,000 ಡಾಲರ್, ಅಷ್ಟೇ ಮೊತ್ತ ಸಂಸ್ಥೆಯೂ ಹೊಂದಿಸಬೇಕು. 2025ರ ಫೆಬ್ರವರಿಯಲ್ಲಿ ಮುಂದಿನ ಸಾಲಿಗೆ ಅದನ್ನು ಕೈಬಿಟ್ಟರು. ಅದರ ವಿವರಣೆ ನನಗೆ ಇಷ್ಟವಾಗಿತ್ತು. ಇರುವ ಜಾಗ, ಜನಾಂಗ, ಬಡತನ, ಅಂಗವೈಕಲ್ಯ, ಈ ನಾಲ್ಕರಿಂದ ಕಲೆಯ ಅವಕಾಶ ಕಡಿಮೆಯಾದವರು ಎಂದು. ಇಲ್ಲಿ ಕೊರತೆ ಇರುವುದು ಕೊಡುವವರಲ್ಲಿ, ಜನರಲ್ಲಲ್ಲ.

ನಮ್ಮ ‘ಹಿಂದುಳಿದ’ ಅದನ್ನು ತಿರುಗುಮುರುಗು ಮಾಡುತ್ತದೆ. ಹಿಂದೆ ಉಳಿದವರು ಯಾರು? ಅವರೇ. ತಪ್ಪು ಅವರದೇ ಎಂಬ ಹಾಗೆ. ಮೇಲಾಗಿ ಈ ಪದ ಕಾನೂನಿನ ಪದವಾಗಿ ಹೋಗಿದೆ. ರಾಣೆಬೆನ್ನೂರಿನ ಎಲ್.ಜಿ. ಹಾವನೂರ ಅವರ ಹಿಂದುಳಿದ ವರ್ಗಗಳ ಆಯೋಗ 1975ರಲ್ಲಿ ವರದಿ ಕೊಟ್ಟ ಮೇಲಂತೂ ಹಿಂದುಳಿದ ಎಂದರೆ ವರ್ಗ, ವರ್ಗ ಎಂದರೆ ಸರ್ಟಿಫಿಕೇಟು. ಪ್ರಾದೇಶಿಕ ಅಸಮತೋಲನದ ಬಗ್ಗೆ ಬಂದ 2002ರ ನಂಜುಂಡಪ್ಪ ವರದಿ ತಾಲೂಕುಗಳಿಗೂ ಅದೇ ಹೆಸರು ಕೊಟ್ಟಿತು. 175ರಲ್ಲಿ 114 ತಾಲೂಕು ಹಿಂದುಳಿದವು, ಅದರಲ್ಲೂ ‘ಹೆಚ್ಚು’, ‘ಅತಿ’ ಎಂಬ ಮೆಟ್ಟಿಲು. ಅರ್ಜಿಯಲ್ಲಿ ಈ ಪದ ಇಟ್ಟರೆ ತಹಶೀಲ್ದಾರ್ ಕಚೇರಿಯ ಮುಂದೆ ಸಾಲು ಹಚ್ಚುತ್ತಾರೆ.

ಹಾಗಾಗಿ ನಮ್ಮ ಕಡೆಯ ಆಡುಮಾತಿನ ಪದಕ್ಕೆ ಹೋದೆ. ಇಲ್ಲಿ ಪತ್ರ ‘ಮುಟ್ಟುತ್ತದೆ’, ರೊಕ್ಕ ‘ಮುಟ್ಟುತ್ತದೆ’. ‘ನೆರವು ಮುಟ್ಟದ ಊರು, ಓಣಿ, ಕೇರಿ’ ಎಂದು ಬರೆದು ಬೀಗಿದೆ. ಹುಬ್ಬಳ್ಳಿಯಲ್ಲಿ ಹಲಿಗೆ ಬಾರಿಸುವ ಹುಡುಗಿಯೊಬ್ಬಳು ಓದಿ ನಕ್ಕಳು. “ಅಕ್ಕಾ, ಮುಟ್ಟದ ಕೇರಿ ಅಂತ ನೀವೂ ಬರದ್ರಿ?” ಅಂದಳು. ಆ ಸಾಲಿಗೆ ಅಲ್ಲೇ ಗೆರೆ ಎಳೆದೆ. ನಾನು ಆ ಕೇರಿಯಲ್ಲಿ ಹುಟ್ಟಿದವಳಲ್ಲ, ನನ್ನ ಕಿವಿಗೆ ಅದು ಕೇಳಿಸಲೇ ಇಲ್ಲ.

ಆಮೇಲೆ ‘ನೆರವು ಸಾಲದ ಊರು’ ಎಂದು ಬದಲಾಯಿಸಿದೆ. ಅರ್ಥದಲ್ಲಿ ಇದು ಇಂಗ್ಲಿಷಿಗೆ ಎಲ್ಲಕ್ಕಿಂತ ಹತ್ತಿರ. ಸಿಗುತ್ತಿದೆ, ಆದರೆ ಸಾಲುತ್ತಿಲ್ಲ. ಆದರೆ ಮಾಸ್ತರರು, “ಸಾಲದ್ದಾದ್ರ ನಮಗ ಬ್ಯಾಡ್ರಿ” ಅಂದುಬಿಟ್ಟರು! ಕಲಾವಿದರು ಕೇಳುವ ಮೊದಲ ಪ್ರಶ್ನೆಯೇ ‘ತಿರುಗಿ ಕೊಡಬೇಕಾ’ ಎಂದಿರುವಾಗ ಸಾಲದ ಎಂಬ ಪದ ಹತ್ತಿರವೂ ಸುಳಿಯಬಾರದು.

ಸದ್ಯಕ್ಕೆ ‘ನೆರವು ತಲಪದ’ ಎಂದು ಇಟ್ಟಿದ್ದೇನೆ. ಕನ್ನಡದ ಈ ನಿಷೇಧರೂಪದಿಂದ ಒಂದು ಲಾಭ ಇದೆ. ತಲಪದೆ ಉಳಿದದ್ದು ನೆರವು, ಊರಲ್ಲ. ತಪ್ಪು ಯಾರದು ಎಂಬುದು ವ್ಯಾಕರಣದಲ್ಲೇ ಬಂತು. ಸ್ವಲ್ಪ ಪುಸ್ತಕದ ಪದ, ನಮ್ಮ ಕಡೆ ಮಾತಿನಲ್ಲಿ ಅಷ್ಟಾಗಿ ಇಲ್ಲ. ‘ಅಷ್ಟಾಗಿ ತಲಪದ’ ಅಂದರೆ ‘ಅಂಡರ್’ ಕೂಡ ಬಂದೀತು. ಏನಂತೀರಿ?

ಮೂರನೆಯದು ಸಮುದಾಯ. ‘ನಮ್ಮ ಸಮುದಾಯದ ನಾಯಕರು’ ಎಂದರೆ ಯಾರು ಅಂತ ಎಲ್ಲರಿಗೂ ಗೊತ್ತು. ಸಮುದಾಯ ಭವನಗಳ ಬೋರ್ಡು ಓದಿದರೆ ಸಾಕು. ಮಾಸ್ತರರ ಆಟದಲ್ಲಿ ಪಾತ್ರ ಕಟ್ಟುವವರು ಐದಾರು ಜಾತಿಯವರು, ಮದ್ದಳೆ ಬಾರಿಸುವವರು ಮುಸ್ಲಿಮರು. ಅವರೆಲ್ಲರಿಗೂ ಸೇರಿ ಇಲ್ಲಿ ಒಂದು ಪದ ಇದೆ: ‘ದೈವ’. ಊರ ದೈವ ಕೂಡಿತು, ದೈವದ ಮಾತು, ಕೂತ ದೈವಕ್ಕೆ ಶರಣು. ದೇವರಲ್ಲ, ಸೇರಿದ ಮಂದಿ. ‘ಊರ ದೈವ ಕೂಡಿ ಕಟ್ಟಿದ ಕಲಾತಂಡ’ ಎಂದಾಗ ಮಾಸ್ತರರು ಗೋಣು ಹಾಕಿದರು. ಆದರೆ ಈ ಅರ್ಜಿ ಮಂಗಳೂರಿಗೂ ಹೋಗುತ್ತದೆ. ಅಲ್ಲಿ ದೈವ ಎಂದರೆ ಭೂತ, ಗ್ರಾಂಟು ಭೂತಕೋಲಕ್ಕೆ ಅಂದುಕೊಳ್ಳುತ್ತಾರೆ. ಕೊನೆಗೆ ‘ಊರವರೇ, ಓಣಿಯವರೇ ಕೂಡಿ ನಡೆಸುವ ತಂಡ’ ಎಂದು ಬರೆದೆ. ಉದ್ದ ಆಯಿತು, ಆಗಲಿ.

ತಂಡವೂ ತನ್ನ ಸರಿಪಾಲು ಹೊಂದಿಸಬೇಕು ಎಂಬ ಷರತ್ತಿಗೆ ಪದ ಹುಡುಕಲೇ ಬೇಕಾಗಲಿಲ್ಲ, ‘ವಂತಿಗೆ’ ಇದೆ. ಆಟಕ್ಕೆ ಪಟ್ಟಿ ಎತ್ತುವುದು ಅವರಿಗೆ ಹೊಸದಲ್ಲ. ಜೋಳ ಕೊಡುವವರು, ಅಟ್ಟ ಕಟ್ಟುವ ಬಡಿಗೇರರು ರೊಕ್ಕ ಕೊಡುವುದಿಲ್ಲ, ಅದೂ ವಂತಿಗೆಯೇ. ‘ವಸ್ತುರೂಪದ ಕೊಡುಗೆ’ ಎಂಬುದನ್ನು ತೆಗೆದು ‘ಕಾಳು-ಕಡಿ, ದುಡಿಮೆಯ ವಂತಿಗೆ’ ಎಂದು ಮಾಡಿದ್ದೇನೆ. ಆಟದ ನಡುವೆ ಪಾತ್ರಧಾರಿಗೆ ಮೆಚ್ಚಿ ಕೊಡುವ ‘ಆಯೇರಿ’ಯನ್ನು ಯಾವ ಕಾಲಮ್ಮಿನಲ್ಲಿ ತೋರಿಸಬೇಕು ಎಂದು ಮಾಸ್ತರರು ಕೇಳಿದ್ದಾರೆ. ಅದು ತಂಡದ ಆದಾಯವೋ, ಪಾತ್ರಧಾರಿಯ ಸ್ವಂತದ್ದೋ? ಇದಕ್ಕೆ ಪದಕೋಶದಲ್ಲಿ ಉತ್ತರ ಇಲ್ಲ, ಸಂಸ್ಥೆಯವರನ್ನೇ ಕೇಳಬೇಕು.

ಈಗಿನ ಸಾಲು ಇದು: ‘ನೆರವು ಅಷ್ಟಾಗಿ ತಲಪದ ಊರು, ಓಣಿಗಳ ಕಲಾವಿದರಿಗೆ, ಅಲ್ಲಿನವರೇ ಕೂಡಿ ನಡೆಸುವ ಕಲಾತಂಡಗಳಿಗೆ ಗ್ರಾಂಟು. ತಿರುಗಿ ಕೊಡಬೇಕಿಲ್ಲ, ಲೆಕ್ಕ ಕೊಡಬೇಕು.’

ಮೈಸೂರು, ಕರಾವಳಿ, ಕಲಬುರಗಿ ಕಡೆಯವರು ಇದನ್ನು ಗಟ್ಟಿಯಾಗಿ ಒಮ್ಮೆ ಓದಿ ಹೇಳಿ. ಎಲ್ಲಿ ಎಡವಿತು? ಗ್ರಾಂಟು ಎಂದು ಉಕಾರ ಹಚ್ಚುವುದು ನಮ್ಮ ಕಡೆಯ ಚಾಳಿಯೋ, ಎಲ್ಲ ಕಡೆ ನಡೆಯುತ್ತದೋ? ಧನಸಹಾಯವೇ ವಾಸಿ ಎನ್ನುವವರಿದ್ದರೆ ಕಾರಣವನ್ನೂ ಬರೆಯಿರಿ. ‘ಯೂಸಿ’ಗೆ (ಯುಟಿಲೈಜೇಷನ್ ಸರ್ಟಿಫಿಕೇಟ್) ಹಣಬಳಕೆ ಪ್ರಮಾಣಪತ್ರ ಎಂದು ಬರೆದಿದ್ದೆ. ಅದೊಂದರ ಬಗ್ಗೆ ಚರ್ಚೆ ಬೇಡ. “ಯೂಸಿ ಅಂತನ ಇಡ್ರಿ ಅಕ್ಕಾರ, ಇಲ್ಲಂದ್ರ ಇದೊಂದು ಹೊಸಾ ಕಾಗದ ಅಂತ ಹುಡಕ್ಕೋತ ಹೊಕ್ಕೇವಿ” ಎಂದು ಮಾಸ್ತರರ ಅಪ್ಪಣೆಯಾಗಿದೆ.