ಚಾನೆಲಿನ 51% ಪಾಲು ಕೇಳುತ್ತಿದ್ದಾರೆ, ಕೊಡಬಹುದಾ?

ಪ್ರಶ್ನೆ (ಮಂಗಳೂರು): ನಾವು ಐದು ಜನ ಸೇರಿ ಆರು ವರ್ಷದಿಂದ ತುಳು-ಕನ್ನಡ ಸುದ್ದಿಯ ವೆಬ್‌ಸೈಟ್, ಜೊತೆಗೆ ಒಂದು ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದೇವೆ. ಪ್ರೈವೇಟ್ ಲಿಮಿಟೆಡ್ ಕಂಪನಿ. ಈಗ ಬೆಂಗಳೂರಿನ ದೊಡ್ಡ ಮೀಡಿಯಾ ಕಂಪನಿಯೊಂದು 51% ಪಾಲು ಕೇಳುತ್ತಿದೆ. ಅರ್ಧ ಹಣ ಈಗ, ಉಳಿದದ್ದು ಮೂರು ವರ್ಷದಲ್ಲಿ ಟಾರ್ಗೆಟ್ ಮುಟ್ಟಿದರೆ. ಸಂಬಳ ಕೊಡುವುದೇ ಕಷ್ಟ ಆಗಿರುವಾಗ ಬೇಡ ಅನ್ನಲು ಧೈರ್ಯ ಇಲ್ಲ. ಈ ದಾರಿಯಲ್ಲಿ ಹೋದವರು ಹೇಳಿ.

ಉತ್ತರ 1 (ಉಡುಪಿ): ನಾನು ಹೋದವನು ಮಾರಾಯ್ರೆ. ನಮ್ಮದೂ ಸಣ್ಣ ಸೈಟ್, ಕೊಂಡವರ ಹೆಸರು ಬೇಡ. ಮೊದಲ ವರ್ಷ ನಿಜವಾಗಿಯೂ ಸುಖ. ಒಂದನೇ ತಾರೀಕಿಗೆ ಸಂಬಳ, ಹೊಸ ಕ್ಯಾಮೆರಾ, ಜಾಹೀರಾತಿಗಾಗಿ ಚಿನ್ನದ ಅಂಗಡಿಯವರ ಮುಂದೆ ಕಾದು ಕೂರುವ ಕೆಲಸವೂ ತಪ್ಪಿತು. ಎರಡನೇ ವರ್ಷ ಟಾರ್ಗೆಟ್ ಬಂತು, ತಿಂಗಳಿಗೆ ಇಷ್ಟು ವ್ಯೂಸ್ ಅಂತ. ಅವರು ಲೆಕ್ಕ ಹಿಡಿದದ್ದು ನವೆಂಬರ್‌ನಿಂದ ಮಾರ್ಚ್‌ವರೆಗೆ, ಅಂದರೆ ಕಂಬಳ, ಯಕ್ಷಗಾನ ಮೇಳದ ಆಟ, ಕೋಲ, ಜಾತ್ರೆ ಎಲ್ಲ ಇರುವ ಸಮಯ. ಪತ್ತನಾಜೆ, ಅಂದರೆ ಮೇ ಕೊನೆಗೆ ಕೋಲ, ಆಟ ಎಲ್ಲ ನಿಲ್ಲುವ ದಿನ, ಕಳೆದ ಮೇಲೆ ಮಳೆಗಾಲದಲ್ಲಿ ನಮ್ಮಲ್ಲಿ ಎಂತ ಉಂಟು? ಘಾಟಿ ಬಂದ್ ಆಯ್ತಾ, ನಾಳೆ ಶಾಲೆಗೆ ರಜೆಯಾ, ಇಷ್ಟೇ. ಪತ್ತನಾಜೆ ಅಂದರೆ ಏನು ಅಂತ ಫೋನಿನಲ್ಲಿ ಅರ್ಧ ಗಂಟೆ ವಿವರಿಸಿದ್ದೇನೆ, ಅವರ ಎಕ್ಸೆಲ್ ಶೀಟಿನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಸಿನಿಮಾ ಸುದ್ದಿ ಹಾಕಿ ಅಂದರು, ಹಾಕಿದೆವು. ವ್ಯೂಸ್ ಏರಿತು, ಆದರೆ ನಮ್ಮ ವಾರ್ಡಿಗೆ ನೀರು ಬಂದಿಲ್ಲ ಅಂತ ಫೋನ್ ಮಾಡುತ್ತಿದ್ದ ಜನ ಕಡಿಮೆಯಾದರು. ಹಾಗೆ ಮಾಡಿಯೂ ಟಾರ್ಗೆಟ್ ಮುಟ್ಟಲಿಲ್ಲ, ಎರಡನೇ ಕಂತು ಬರಲೇ ಇಲ್ಲ. ಟಾರ್ಗೆಟ್ ಇದ್ದರೆ ಪೂರ್ತಿ 12 ತಿಂಗಳ ಲೆಕ್ಕದ ಮೇಲೆ ಇರಲಿ.

ಉತ್ತರ 2 (ಸುರತ್ಕಲ್): ಚಾನೆಲ್ ಯಾರ ಜಿಮೇಲ್‌ನಲ್ಲಿ ಉಂಟು ಅಂತ ಇವತ್ತೇ ನೋಡಿ. ನಮ್ಮಲ್ಲಿ ಬಿಟ್ಟು ಹೋದ ಎಡಿಟರ್ ಹೆಸರಿನಲ್ಲಿತ್ತು! ಬ್ರ್ಯಾಂಡ್ ಅಕೌಂಟ್ (ಹಲವರು ಸೇರಿ ನಡೆಸಬಹುದಾದ ಗೂಗಲ್ ಅಕೌಂಟ್) ಆದರೆ ಹೊಸ ಓನರ್ ಸೇರಿಸಿ 7 ದಿನ ಕಳೆದ ಮೇಲೆಯೇ ಅವರನ್ನು ಪ್ರೈಮರಿ (ಮುಖ್ಯ) ಓನರ್ ಮಾಡಲು ಆಗುವುದು. ಸೈನ್ ಮಾಡುವ ಹಿಂದಿನ ರಾತ್ರಿ ಓಡಾಡಬೇಡಿ.

ಉತ್ತರ 3 (ಮಂಗಳೂರು, ಲೆಕ್ಕಪತ್ರದ ಕೆಲಸ): 51% ಹೋದರೆ ಡೈರೆಕ್ಟರ್ ಯಾರು ಅನ್ನುವುದು ಅವರ ಕೈಗೆ. ಕಂಪನಿಯ ನಿಯಮ ಬದಲಿಸುವಂಥ ದೊಡ್ಡ ತೀರ್ಮಾನಕ್ಕೆ, ಅಂದರೆ ವಿಶೇಷ ನಿರ್ಣಯಕ್ಕೆ, 75% ಮತ ಬೇಕು, ಹಾಗಾಗಿ 49% ಇರುವ ನೀವು ಅದನ್ನು ತಡೆಯಬಹುದು. ಆದರೆ ಮುಂದೆ ಅವರು ಹೊಸ ಷೇರಿಗೆ ಹಣ ಹಾಕಿ, ನಿಮ್ಮ ಹತ್ತಿರ ಹಾಕಲು ಇಲ್ಲದೆ ಪಾಲು 25%ಕ್ಕೆ ಇಳಿದರೆ ಆ ಹಿಡಿತವೂ ಹೋಯಿತು. ಸುದ್ದಿ ಸಂಪಾದಕರನ್ನು ಯಾರು ನೇಮಿಸುವುದು, ಹಳೆಯ ವಿಡಿಯೊ ಯಾರದ್ದು, ಇದೆಲ್ಲ ಒಪ್ಪಂದದಲ್ಲೂ ಬೇಕು, ಕಂಪನಿಯ ಆರ್ಟಿಕಲ್ಸ್‌ನಲ್ಲೂ (ಒಳನಿಯಮಗಳ ಪತ್ರ) ಬೇಕು. ಬಾಯಿಮಾತು ಸಾಲದು.

ಇನ್ನೊಂದು, ಕೊಳ್ಳುವವರಲ್ಲಿ ವಿದೇಶಿ ಹಣ ಉಂಟಾ ಕೇಳಿ. ಡಿಜಿಟಲ್ ಸುದ್ದಿಗೆ 2019ರಿಂದ ವಿದೇಶಿ ಹೂಡಿಕೆಯ ಮಿತಿ 26%, ಅದಕ್ಕೂ ಸರ್ಕಾರದ ಒಪ್ಪಿಗೆ ಬೇಕು. 2020ರ ನವೆಂಬರ್‌ನಲ್ಲಿ ಅಮೆರಿಕದ ಬಜ್‌ಫೀಡ್ ಕಂಪನಿ ಹಫ್‌ಪೋಸ್ಟ್ ಸುದ್ದಿ ಸೈಟನ್ನು ಕೊಳ್ಳುತ್ತೇವೆ ಅಂದಾಗ ಭಾರತದ ಆವೃತ್ತಿ ಆ ವ್ಯವಹಾರದಲ್ಲಿ ಸೇರಲಿಲ್ಲ. ಅದೇ ತಿಂಗಳು ಅದು ಮುಚ್ಚಿತು. ಇಲ್ಲಿ ದುಡಿಯುತ್ತಿದ್ದವರದ್ದು ಏನು ತಪ್ಪು, ಅಲ್ವಾ?

ಮಾರಿದ ಮೇಲೆ ಬೇರೆ ಚಾನೆಲ್ ಮಾಡಬಾರದು ಅನ್ನುವ ಷರತ್ತನ್ನೂ ಸರಿಯಾಗಿ ಓದಿ. ಕೆಲಸಗಾರನ ಮೇಲೆ ಅಂಥ ಷರತ್ತು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ, ಆದರೆ ಗುಡ್‌ವಿಲ್ (ವ್ಯವಹಾರ ಗಳಿಸಿದ ಹೆಸರು) ಮಾರಿದವರ ಮೇಲೆ ನಿಲ್ಲಬಹುದು. ಕರಾರು ಕಾಯ್ದೆಯ ಸೆಕ್ಷನ್ 27ರಲ್ಲೇ ಆ ವಿನಾಯಿತಿ ಉಂಟು. ಎಷ್ಟು ವರ್ಷ, ಯಾವ ಊರು ಅಂತ ಚೌಕಾಸಿ ಮಾಡಿ.

ಉತ್ತರ 4 (ಮಣಿಪಾಲ): ಎಲ್ಲರೂ ಹೆದರಿಸಿದ್ದೇ ಆಯ್ತು. ಉದಯವಾಣಿ 1970ರಲ್ಲಿ ಶುರುವಾದದ್ದೂ ಇಲ್ಲಿಯ ಪೈ ಕುಟುಂಬದ ಬಲದಿಂದಲೇ. ವ್ಯತ್ಯಾಸ ಏನೆಂದರೆ ಆ ಮಾಲೀಕರು ಊರಲ್ಲೇ ಇದ್ದರು. ನಾನು ದೊಡ್ಡ ಕಂಪನಿ ಕೊಂಡ ಒಂದು ಸೈಟಿನಲ್ಲಿ ವರದಿಗಾರ್ತಿಯಾಗಿದ್ದೆ. ನನಗೆ ಪಿಎಫ್ ಅಂತ ಆದದ್ದೇ ಅವರು ಬಂದ ಮೇಲೆ. ನೀವು ಮಾತುಕತೆಗೆ ಕೂರುವಾಗ ನಿಮ್ಮ ಜೊತೆ ದುಡಿಯುವವರ ಕೆಲಸದ ಬಗ್ಗೆಯೂ ಒಂದು ಸಾಲು ಬರೆಸಿಕೊಳ್ಳಿ. ನಮ್ಮ ಬಗ್ಗೆ ಯಾರೂ ಬರೆಸಿರಲಿಲ್ಲ.

ಪ್ರಶ್ನೆ ಕೇಳಿದವರು: ಟಾರ್ಗೆಟ್ ಶೀಟ್ ಈಗ ತೆಗೆದು ನೋಡಿದೆ. ಅವರು ಹಿಡಿದಿರುವುದು ಒಂದೇ ತಿಂಗಳು, ಅದೂ ಎರಡು ವರ್ಷಕ್ಕೊಮ್ಮೆ ಬರುವ ಉಡುಪಿ ಪರ್ಯಾಯ ಉತ್ಸವ ಇದ್ದ ಜನವರಿ. ನಾಳೆ ಫೋನ್ ಮಾಡುತ್ತೇನೆ.